ಕೋರೆಯಿಲ್ಲದ ಆನೆಯ ಮೂಲೆ

ಬಾಯಿಗೆ ಒಂದು ಗುಟುಕು ಚಹಾ ಬೀಳುವ ಮೊದಲೇ ನದಿದಂಡೆಯ ಪಗೋಡಕ್ಕೆ ಹೋಗಿ, ಮನೆಯವರಿಗೆಲ್ಲ ನೀರು ಹಾಕಿ ಬರುವುದು ಓನ್ ಶ್ವೇಯ ಪದ್ಧತಿ. ಮಳೆಯಿದ್ದರೂ ತಪ್ಪಿಸಿದವಳಲ್ಲ, ಜ್ವರವಿದ್ದರೂ ತಪ್ಪಿಸಿದವಳಲ್ಲ. ಮೊಣಕಾಲು ಊದಿಕೊಂಡ ವರ್ಷ ಮೆಟ್ಟಿಲ ಮೇಲೆ ಕುಳಿತು, ಕೈಯೂರಿ, ಹಿಂದುಹಿಂದಕ್ಕೆ ಜರುಗುತ್ತ ಹತ್ತಿದ್ದಳು. ಪಾಕೊಕ್ಕು ಊರಿನ ಆ ಬೀದಿಯಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿದ ಮೇಲೆ ಒಲೆ ಹೊತ್ತಿಸುವ ಮನೆಗಳಿದ್ದವು.

ಮನೆಯವರು ಅಂದರೆ ಮನೆಯಲ್ಲಿ ಇರುವವರಲ್ಲ. ಮನೆಯಲ್ಲಿ ಅವಳೊಬ್ಬಳೇ. ಪಗೋಡದ ಸುತ್ತ ಎಂಟು ಮೂಲೆಗಳಿವೆ. ವಾರದ ಒಂದೊಂದು ದಿನಕ್ಕೆ ಒಂದೊಂದು, ಬುಧವಾರಕ್ಕೆ ಮಾತ್ರ ಎರಡು. ಪ್ರತಿ ಮೂಲೆಯಲ್ಲೂ ಒಂದು ಚಿಕ್ಕ ಬುದ್ಧನ ವಿಗ್ರಹ, ಅದರ ಪೀಠದ ಕೆಳಗೆ ಆ ದಿನದ ಪ್ರಾಣಿ. ಹುಟ್ಟಿದ ದಿನದ ಮೂಲೆಯಲ್ಲಿ ಬುದ್ಧನ ತಲೆಯ ಮೇಲೆ ತಣ್ಣೀರು ಹಾಕಿದರೆ, ಆ ದಿನ ಹುಟ್ಟಿದವರು ಎಲ್ಲಿದ್ದರೂ ಅವರ ಮೈಮನಸ್ಸು ತಂಪಾಗಿರುತ್ತದೆ. ಓನ್ ಶ್ವೇ ಪೂರ್ವದ ಹುಲಿಯಿಂದ ಶುರುಮಾಡುತ್ತಿದ್ದಳು. ಅದು ಸೋಮವಾರದ್ದು, ಅಕ್ಕ ಖಿನ್ ಮ್ಯಾಳದು. ದಕ್ಷಿಣಕ್ಕೆ ಬಂದರೆ ಕೋರೆಯುಳ್ಳ ಆನೆ, ಬುಧವಾರ ಬೆಳಗಿನದು. ಅಲ್ಲಿ ತಮ್ಮ ಹ್ಲಾ ಬು. ಆಮೇಲೆ ಶನಿವಾರದ ನಾಗನ ಹತ್ತಿರ ಅಣ್ಣ ಥುನ್ ಯಾ, ಪಶ್ಚಿಮದ ಇಲಿಯ ಹತ್ತಿರ ಅಪ್ಪ, ಉತ್ತರದ ಹೆಗ್ಗಣದ ಹತ್ತಿರ ಅಮ್ಮ. ಕೊನೆಗೆ ಭಾನುವಾರದ ಗರುಡ, ಅದು ಅವಳದೇ. ಅಲ್ಲಿಗೆ ಬರುವ ಹೊತ್ತಿಗೆ ಪಾತ್ರೆಯ ತಳದಲ್ಲಿ ಎಷ್ಟು ನೀರು ಉಳಿದಿರುತ್ತಿತ್ತೋ ಅಷ್ಟೇ.

ಎರಡು ಮೂಲೆಗಳಲ್ಲಿ ಅವಳು ನಿಲ್ಲುತ್ತಿರಲಿಲ್ಲ. ಒಂದು ಮಂಗಳವಾರದ ಸಿಂಹ. ಇನ್ನೊಂದು ವಾಯವ್ಯದಲ್ಲಿರುವ ಕೋರೆಯಿಲ್ಲದ ಆನೆ. ಬುಧವಾರ ಮಧ್ಯಾಹ್ನ ತಿರುಗಿದ ಮೇಲೆ ಹುಟ್ಟಿದವರ ಮೂಲೆ ಅದು, ರಾಹುವಿನದು. ಅಪ್ಪನಿಗೆ ನೀರು ಹಾಕಿ ಅಮ್ಮನ ಕಡೆಗೆ ಹೋಗುವ ದಾರಿಯಲ್ಲೇ ಅದು ಸಿಗುತ್ತಿತ್ತು. ಅವಳು ನಡೆಯುತ್ತಲೇ ಒಮ್ಮೆ ಕೈ ಜೋಡಿಸಿ ಮುಂದೆ ಹೋಗುತ್ತಿದ್ದಳು. ಅಲ್ಲಿ ನಮ್ಮವರು ಯಾರೂ ಇಲ್ಲ ಎಂಬುದು ಚಿಕ್ಕಂದಿನಿಂದ ಬಂದ ತಿಳುವಳಿಕೆ.

ನೀರನ್ನು ಸುಮ್ಮನೆ ಹಾಕುತ್ತಿರಲಿಲ್ಲ. ಒಬ್ಬೊಬ್ಬರಿಗೂ ಹಳೆಯದೊಂದನ್ನು ಹೇಳಬೇಕು. ಅವರದು ಚುಟ್ಟ ಸುತ್ತುವ ಮನೆ. ದೊಡ್ಡ ಬಿದಿರಿನ ತಟ್ಟೆಯ ಸುತ್ತ ಎಲ್ಲರೂ ಕೂರುತ್ತಿದ್ದರು. ಅಕ್ಕ ಹೊರಗೆ ಸುತ್ತುವ ಚಳ್ಳೆ ಎಲೆಯನ್ನು ಕತ್ತರಿಸುವುದು, ಅಣ್ಣ ಜೋಳದ ಸಿಪ್ಪೆ ಮಡಚಿ ಬಾಯಿಗಿಡುವ ತುದಿಯ ತುಂಡು ಮಾಡುವುದು, ಅಮ್ಮ ತಂಬಾಕು ತುಂಬಿ ಸುತ್ತುವುದು, ಓನ್ ಶ್ವೇ ಅನ್ನದ ಗಂಜಿಯಿಂದ ಅಂಟಿಸುವುದು, ಹ್ಲಾ ಬು ಆ ಗಂಜಿಯನ್ನು ಬೆರಳಲ್ಲಿ ತೆಗೆದು ನೆಕ್ಕುವುದು. ಹುಲಿಯ ಮೂಲೆಯಲ್ಲಿ ಅವಳು, "ಅಕ್ಕ, ತಂಬಾಕಿನ ಬುಟ್ಟೀಲಿ ಬೆಕ್ಕು ಮರಿ ಹಾಕಿತ್ತಲ್ಲ, ನೀನು ಎರಡು ದಿನ ಯಾರಿಗೂ ಹೇಳದೆ ಬಚ್ಚಿಟ್ಟಿದ್ದೆ," ಎನ್ನುತ್ತಿದ್ದಳು. ನಾಗನ ಹತ್ತಿರ, "ಅಣ್ಣ, ನೀನು ಈಜು ಕಲಿಸ್ತೀನಿ ಅಂತ ಕರ್ಕೊಂಡು ಹೋಗಿ ನೀನೇ ಮುಳುಗ್ತಿದ್ದೆ," ಎನ್ನುತ್ತಿದ್ದಳು. ಹೇಳಿ ತಾನೇ ನಗುತ್ತಿದ್ದಳು.

ಮೆಟ್ಟಿಲ ಬುಡದಲ್ಲಿ ಹೂ ಮಾರುವ ನ್ವೇ ನ್ವೇ ಎಂಬ ಹೆಂಗಸಿಗೆ ಇದು ದಿನದ ತಮಾಷೆ.

"ಏನಂದ್ರು ದೊಡ್ಡಮ್ಮ ಇವತ್ತು ನಿಮ್ಮ ಮನೆಯವ್ರು?"

"ನಿನ್ನ ಹೂ ಬಾಡಿದೆ ಅಂದ್ರು."

"ಬಾಡಿದ ಹೂವನ್ನೇ ಅಲ್ವಾ ನೀವು ದಿನಾ ಪುಕ್ಕಟೆ ತಗೊಂಡು ಹೋಗೋದು. ಅಲ್ಲ ದೊಡ್ಡಮ್ಮ, ಹೋದವ್ರಿಗೆ ನೀರು ಯಾಕೆ? ಅವ್ರಿಗೆ ಪುಣ್ಯದ ಪಾಲು ಕೊಟ್ರೆ ಸಾಕು. ನೀರು ಇರೋರಿಗೆ."

"ಒಬ್ಬ ಇದಾನಲ್ಲ," ಎನ್ನುತ್ತಿದ್ದಳು ಓನ್ ಶ್ವೇ. "ಅವನೊಬ್ಬನಿಗೆ ಹಾಕಿ ಉಳಿದವ್ರನ್ನ ಬಿಟ್ರೆ ಜಗಳ ಆಗುತ್ತೆ."

ಆ ಒಬ್ಬ ಹ್ಲಾ ಬು. ಮೀಸೆ ಮೂಡಿದ ವರ್ಷ ಬಿದಿರಿನ ತೆಪ್ಪದವರ ಜೊತೆ ಐರಾವತಿ ನದಿಯಲ್ಲಿ ಕೆಳಗೆ ಹೋದ. ಒಂದು ಸಲ ದೋಣಿಯವನ ಕೈಯಲ್ಲಿ ಅಕ್ಕ ಖಿನ್ ಮ್ಯಾಳಿಗೆಂದು ಮಖಮಲ್ಲಿನ ಚಪ್ಪಲಿ ಕಳಿಸಿದ್ದ. ಅಳತೆ ತಪ್ಪಿ ದೊಡ್ಡದಾಗಿತ್ತು. ಆಮೇಲೆ ಏನೂ ಇಲ್ಲ. ಸತ್ತ ಸುದ್ದಿಯೂ ಬರಲಿಲ್ಲ, ಇದ್ದ ಸುದ್ದಿಯೂ ಬರಲಿಲ್ಲ. ಅಪ್ಪ, ಅಣ್ಣ, ಅಕ್ಕ ಒಬ್ಬೊಬ್ಬರಾಗಿ ಹೋದರು. ಅಮ್ಮ ಹೋಗುವ ಮುಂಚೆ ಹೇಳಿದ ಕೊನೆಯ ಮಾತುಗಳಲ್ಲಿ ಒಂದು, "ಅವನ ಮೂಲೆ ಒಣಗೋಕೆ ಬಿಡಬೇಡ," ಎಂಬುದು. ಓನ್ ಶ್ವೇ ಮದುವೆಯಾಗಲಿಲ್ಲ. ಆ ಮನೆಯಲ್ಲೇ ಚುಟ್ಟ ಸುತ್ತುತ್ತ, ಎಲೆಯನ್ನೂ ತಾನೇ ಕತ್ತರಿಸುತ್ತ ಉಳಿದಳು.

ಹೀಗಾಗಿ ಕೋರೆಯ ಆನೆಯ ಮುಂದೆ ಅವಳು ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಅವನಿಗೆ ಹೇಳುವುದರಲ್ಲಿ ಅವಳಿಗೆ ಬಹಳ ಇಷ್ಟವಾದದ್ದು ಅವನು ಹುಟ್ಟಿದ ದಿನದ ಕತೆ. ಅವಳಿಗಾಗ ಆರು ವರ್ಷವಿರಬೇಕು. ಮೋಡ ಮುಚ್ಚಿದ ಬುಧವಾರ. ಪಕ್ಕದ ಮನೆಯ ಜಗಲಿಯಲ್ಲಿ ಮಕ್ಕಳನ್ನೆಲ್ಲ ಕೂರಿಸಿದ್ದರು. ಇವರ ಮನೆಯ ಒಳಗಿಂದ ಮಗುವಿನ ಅಳು ಬಂತು. ಅದರ ಹಿಂದೆಯೇ ವಿಹಾರದಲ್ಲಿ ಭಿಕ್ಷುಗಳನ್ನು ಊಟಕ್ಕೆ ಕರೆಯುವ ಮರದ ಕೊರಡು ಬಡಿಯುವ ಸದ್ದು. ಊರಲ್ಲಿ ಆಗ ವಿಹಾರಕ್ಕೆ ಮಾತ್ರ ಗಡಿಯಾರವಿತ್ತು. ಮಿಕ್ಕವರಿಗೆಲ್ಲ ಆ ಕೊರಡೇ ಗಡಿಯಾರ. ಮಧ್ಯಾಹ್ನ ದಾಟಿದರೆ ಭಿಕ್ಷುಗಳು ಉಣ್ಣುವಂತಿಲ್ಲವಾದ್ದರಿಂದ ಅದನ್ನು ಬೆಳಗಿನ ಹೊತ್ತು ಇರುವಾಗಲೇ ಬಡಿಯುತ್ತಿದ್ದರು. ಅಪ್ಪ ಹೊರಗೆ ಬಂದು ನಗುತ್ತ, "ಸ್ವಾಮಿಗಳ ಊಟಕ್ಕೆ ಮುಂಚೆಯೇ ಬಂದುಬಿಟ್ಟ, ಹಸಿದವನು," ಅಂದಿದ್ದ. ಅಂದಿನಿಂದ ಮನೆಯಲ್ಲಿ ಅವನ ಹೆಸರು ಹಸಿದವನು. ಅವನು ಎರಡನೇ ಸಲ ಅನ್ನ ಕೇಳಿದಾಗಲೆಲ್ಲ ಯಾರಾದರೊಬ್ಬರು ಆ ಮಾತು ಹೇಳುವುದು, ಎಲ್ಲರೂ ನಗುವುದು, ಅವನು ತಟ್ಟೆಯನ್ನು ಇನ್ನಷ್ಟು ಮುಂದೆ ತಳ್ಳುವುದು.

ಆ ದಿನ ಜಗಲಿಯಲ್ಲಿ ಮಕ್ಕಳಿಗೆ ಕೊಟ್ಟ ಊಟವನ್ನು ಓನ್ ಶ್ವೇ ಜನ್ಮದಲ್ಲಿ ಮರೆತಿಲ್ಲ. ಬಿಳಿ ಅನ್ನ, ಸೀಗಡಿ ಹಾಕಿದ ಬಾಳೆಹೂವಿನ ಪಲ್ಯ, ಕುಂಬಳಕಾಯಿ ಸಾರು, ತಾಳೆಬೆಲ್ಲ ಸುರಿದ ಎಳ್ಳಿನ ಅಂಟಕ್ಕಿ. ಹಬ್ಬದಲ್ಲೂ ಹಾಗೆ ಉಂಡಿರಲಿಲ್ಲ. "ನೀನು ಬಂದಿದ್ದಕ್ಕೆ ನಂಗೆ ಆ ಊಟ ಸಿಕ್ತು ಕಣೋ," ಎಂದು ಆನೆಯ ಮೂಲೆಯಲ್ಲಿ ಎಷ್ಟು ಸಲ ಹೇಳಿದ್ದಳೋ.

ಎಲ್ಲ ಮುಗಿಸಿ ಗಂಟೆ ಬಾರಿಸಿ, "ನನ್ನ ಪುಣ್ಯದಲ್ಲಿ ನಿಮಗೂ ಪಾಲು, ನಿಮಗೂ ಪಾಲು, ನಿಮಗೂ ಪಾಲು," ಎಂದು ಕೂಗಿ ಹೇಳುವುದು ಕ್ರಮ. ಕೇಳಿಸಿಕೊಂಡವರು ಸಾಧು ಸಾಧು ಸಾಧು ಎನ್ನಬೇಕು. ಚಿಕ್ಕಂದಿನಲ್ಲಿ ಅಮ್ಮ ಕೂಗಿದರೆ ನಾಲ್ಕು ಮಕ್ಕಳೂ ಒಟ್ಟಿಗೆ ಸಾಧು ಎನ್ನುತ್ತಿದ್ದರು. ಹ್ಲಾ ಬುವಿನದು ಯಾವಾಗಲೂ ಕೊನೆಗೆ, ಎಲ್ಲರಿಗಿಂತ ಜೋರಾಗಿ. ಈಗ ಓನ್ ಶ್ವೇ ಕೂಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಕೆಳಗೆ ನ್ವೇ ನ್ವೇಗೆ ಗಿರಾಕಿ ಇಲ್ಲದಿದ್ದರೆ ಸಾಧು ಕೇಳುತ್ತಿತ್ತು. ಗಿರಾಕಿ ಇದ್ದರೆ ಪಾರಿವಾಳಗಳ ರೆಕ್ಕೆಯ ಸದ್ದು.

ಆ ಬೇಸಗೆಯಲ್ಲಿ ಸಾನ್ ಯೀ ಊರಿಗೆ ಬಂದಳು. ಪಕ್ಕದ ಮನೆಯಲ್ಲಿ ಬೆಳೆದವಳು, ಓನ್ ಶ್ವೇಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ಅಮ್ಮ ಸೂಲಗಿತ್ತಿ, ಅಪ್ಪ ವಿಹಾರದ ಸೇವಕ. ನೀರು ತುಂಬುವುದು, ಅಂಗಳ ಗುಡಿಸುವುದು, ಕೊರಡು ಬಡಿಯುವುದು ಅವನ ಕೆಲಸ. ಸಾನ್ ಯೀ ಮದುವೆಯಾಗಿ ಮೇಥೀಲಾಕ್ಕೆ ಹೋದವಳು ಈ ಕಡೆ ತಲೆ ಹಾಕಿರಲಿಲ್ಲ. ಈಗ ಮೊಮ್ಮಗನಿಗೆ ಮುತ್ತಜ್ಜ ದುಡಿದ ವಿಹಾರದಲ್ಲೇ ತಲೆ ಬೋಳಿಸಿ ಭಿಕ್ಷುವಿನ ಚೀವರ ತೊಡಿಸಬೇಕೆಂದು ಅಳಿಯನ ಕಾರಿನಲ್ಲಿ ಬಂದಿದ್ದಳು. ಎಲ್ಲ ಮುಗಿದ ಮೇಲೆ, ಹೊರಡುವ ಹಿಂದಿನ ಮಧ್ಯಾಹ್ನ, ಓನ್ ಶ್ವೇಯ ಮನೆಗೆ ಬಂದು ಚಾಪೆಯ ಮೇಲೆ ಕಾಲು ಚಾಚಿದಳು.

ಓನ್ ಶ್ವೇ ಉಪ್ಪಿನಲ್ಲಿಟ್ಟ ಚಹಾ ಎಲೆ, ಹುರಿದ ಬೆಳ್ಳುಳ್ಳಿ, ಶೇಂಗಾ ಎಲ್ಲ ಜೋಡಿಸಿಟ್ಟಳು. ಜೊತೆಗೆ ಹಸಿರು ಚಹಾ.

"ನಿನ್ನ ಮೂಗು ಹಾಗೇ ಇದೆ ನೋಡು ಓನೂ," ಅಂದಳು ಸಾನ್ ಯೀ. "ಮಿಕ್ಕಿದ್ದೆಲ್ಲ ಇಳಿದುಹೋಗಿದೆ."

"ನಿನ್ನ ನಾಲಗೆ ಹಾಗೇ ಇದೆಯಲ್ಲ ಸಾನಕ್ಕ, ಸಾಕು."

"ಹಲ್ಲು ಹೋದ್ಮೇಲೆ ಅದಕ್ಕೆ ಜಾಗ ಜಾಸ್ತಿಯಾಯ್ತು ಕಣೇ. ಆ ತಟ್ಟೆ ಇದೆಯಾ ಇನ್ನೂ? ಅದರ ಸುತ್ತ ಕೂತ್ಕೊಂಡು ನಿಮ್ಮಮ್ಮ ಹೇಳ್ತಿದ್ದ ದೆವ್ವದ ಕತೆ ಕೇಳಿ ನಾನು ಮನೆಗೆ ಹೋಗೋಕೆ ಹೆದರಿ ಇಲ್ಲೇ ಮಲಗ್ತಿದ್ದೆ."

"ಹೆದರಿ ಅಲ್ಲ. ಇಲ್ಲಿ ಬೆಳಗ್ಗೆ ಹುರಿದನ್ನ ಸಿಗ್ತಿತ್ತು, ಅದಕ್ಕೆ."

"ಅದೂ ಇತ್ತು."

ಓನ್ ಶ್ವೇ ತಂಬಾಕಿನ ಬುಟ್ಟಿಯಲ್ಲಿ ಬೆಕ್ಕು ಮರಿ ಹಾಕಿದ ಸಂಗತಿ ತೆಗೆದಳು.

"ತಂಬಾಕಿನ ಬುಟ್ಟಿ ಯಾಕಾಗುತ್ತೆ? ಎಲೆ ಬುಟ್ಟಿ," ಅಂದಳು ಸಾನ್ ಯೀ. "ತಂಬಾಕಲ್ಲಿ ಹಾಕಿದ್ರೆ ಆ ಮರಿಗಳು ಸೀನಿ ಸೀನಿ ಸಾಯ್ತಿದ್ವು. ಬಚ್ಚಿಟ್ಟಿದ್ದು ಖಿನ್ ಮ್ಯಾ ಅಲ್ಲ, ನಾನು. ಮೈಯೆಲ್ಲ ಪರಚಿಸ್ಕೊಂಡವಳಿಗೆ ನೆನಪಿರಲ್ವಾ?"

ಓನ್ ಶ್ವೇಗೆ ಎಷ್ಟು ಸಂತೋಷವಾಯಿತೆಂದರೆ, ಎದ್ದು ಒಳಗೆ ಹೋಗಿ ಸುಮ್ಮನೆ ಒಂದು ಡಬ್ಬಿ ತೆರೆದು ಮುಚ್ಚಿ ಬಂದಳು. ಇಷ್ಟು ವರ್ಷ ಹುಲಿಯ ಮುಂದೆ ಏನು ಹೇಳಿದರೂ ಅದು ಕೇಳಿಕೊಳ್ಳುತ್ತಿತ್ತು. ಅಲ್ಲ ಕಣೇ ಎನ್ನುವವರು ಒಬ್ಬರೂ ಇರಲಿಲ್ಲ. ಮಾತು ಮುಗಿದುಬಿಟ್ಟೀತೆಂದು ಅವಳು ಎಲ್ಲಕ್ಕಿಂತ ದೊಡ್ಡದನ್ನು, ಹ್ಲಾ ಬು ಹುಟ್ಟಿದ ದಿನವನ್ನು, ಕೊನೆಗೆ ಇಟ್ಟುಕೊಂಡಿದ್ದಳು. ಬಿಸಿಲು ಬಾಗಿಲ ಹೊಸ್ತಿಲಿಗೆ ಬಂದಾಗ ಅದನ್ನು ಹೇಳಿದಳು. ಮೋಡ, ಜಗಲಿ, ಅಳು, ಕೊರಡು, ಅಪ್ಪನ ಮಾತು.

ಸಾನ್ ಯೀ ಅರ್ಧಕ್ಕೇ ನಗಲು ಶುರುಮಾಡಿದಳು. ನಕ್ಕು ಕೆಮ್ಮಿದಳು.

"ಊಟಕ್ಕೆ ಮುಂಚೆ ಬಂದ್ನಂತೆ. ಯಾವ ಊಟ? ಆ ದಿನ ಸ್ವಾಮಿಗಳು ಊಟಾನೇ ಮಾಡಿಲ್ಲ."

"ಏನು ಹಂಗಂದ್ರೆ?"

"ನಿಮ್ಮಮ್ಮನಿಗೆ ನೋವು ಬಂದಾಗ ನಮ್ಮಮ್ಮ ಆಚೆ ದಡದಲ್ಲಿ ಇನ್ನೊಂದು ಹೆರಿಗೆಗೆ ಹೋಗಿದ್ಲು. ಕರ್ಕೊಂಡು ಬರೋಕೆ ನಮ್ಮಪ್ಪನೇ ದೋಣಿ ತಗೊಂಡು ಹೋದ. ನದೀಲಿ ನೀರು ಏರಿತ್ತು. ಅವ್ಳನ್ನ ನಿಮ್ಮನೆ ಬಾಗಿಲಿಗೆ ಬಿಟ್ಟು, ಅಳು ಕೇಳಿಸೋವರೆಗೂ ನಿಂತು, ಆಮೇಲೆ ಕೊರಡು ನೆನಪಾಗಿ ಓಡಿದ. ಹೋಗಿ ನೋಡಿದ್ರೆ ಗಡಿಯಾರದ ಮುಳ್ಳು ಹನ್ನೆರಡು ದಾಟಿ ಎಷ್ಟೋ ಹೊತ್ತಾಗಿದೆ. ಸ್ವಾಮಿಗಳೆಲ್ಲ ಬಟ್ಟಲು ಮುಂದಿಟ್ಕೊಂಡು ಕೂತಿದಾರೆ. ಊಟದ ಹೊತ್ತು ಹೋಯ್ತಲ್ಲ, ಹಿರಿ ಸ್ವಾಮಿಗಳು ಬೈಲಿಲ್ವಂತೆ. ಬಟ್ಟಲು ಬೋರಲು ಹಾಕಿ, ಹೋಗಿ ಬಡಿ, ಊರ ಹೆಂಗಸ್ರು ಒಲೆ ಮುಂದೆ ಕಾಯ್ತಿರ್ತಾರೆ ಅಂದ್ರಂತೆ. ಅಪ್ಪ ಬಡಿದ. ಸಾಯೋವರೆಗೂ ಈ ವಿಷಯ ಮನೆಯಿಂದ ಆಚೆ ಹೋಗ್ಬಾರ್ದು ಅಂತಿದ್ದ ಪಾಪ."

ಓನ್ ಶ್ವೇ ಚಹಾದ ಬಟ್ಟಲನ್ನು ಕೆಳಗಿಟ್ಟಳು.

"ನಿಮ್ಮಪ್ಪ ತಮಾಷೆಗೆ ಹೇಳಿರ್ತಾನೆ."

"ತಮಾಷೆಯಾ? ನೀನು ಜಗಲೀಲಿ ಕೂತು ತಿಂದೆಯಲ್ಲ, ಸೀಗಡಿ ಪಲ್ಯ, ಅಂಟಕ್ಕಿ. ನಮ್ಮನೇಲಿ ಸೀಗಡಿ ಎಲ್ಲಿಂದ ಬರ್ಬೇಕು? ಅದು ಸ್ವಾಮಿಗಳ ಊಟ ಕಣೇ. ಯಾರೂ ಮುಟ್ಟಿರ್ಲಿಲ್ಲ. ಪಾತ್ರೆ ಪಾತ್ರೆಯೇ ನಮ್ಮನೆಗೆ ಬಂತು. ನೀನು ಎರಡು ಸಲ ಹಾಕಿಸ್ಕೊಂಡೆ. ಹಸಿದವಳು ನೀನು, ಅವನಲ್ಲ."

ಸಾನ್ ಯೀ ಮತ್ತೆ ನಕ್ಕಳು. ಓನ್ ಶ್ವೇಯೂ ನಕ್ಕಳು, ಎದುರಿಗಿದ್ದವರು ನಗುವಾಗ ನಗಬೇಕಲ್ಲ ಎಂದು. ಸೀಗಡಿ ಯಾರು ಬೇಯಿಸಿದರು ಎಂದು ಅವಳು ಎಂದೂ ಕೇಳಿರಲಿಲ್ಲ. ಅದು ತಮ್ಮನ ಜೊತೆ ಬಂದ ಊಟ ಎಂದಷ್ಟೇ ತಿಳಿದಿದ್ದಳು. ಈಗ ಆ ರುಚಿಯೇ ಸಾಕ್ಷಿ ಹೇಳುತ್ತಿತ್ತು.

"ಹಾಗಾದ್ರೆ ಅವ್ನು ಮಧ್ಯಾಹ್ನದವನು," ಅಂದಳು.

"ಹ್ಞೂಂ ಮತ್ತೆ. ಯಾಕೆ?"

"ಏನಿಲ್ಲ. ಇನ್ನೊಂಚೂರು ಚಹಾ ಹಾಕ್ಲಾ?"

ಸಾನ್ ಯೀ ಹೋದ ಮೇಲೆ ಓನ್ ಶ್ವೇ ಬಟ್ಟಲು ತೊಳೆದಳು, ತಟ್ಟೆಯ ಮುಂದೆ ಕೂತಳು, ಎಲೆ ಕತ್ತರಿಸಿದಳು. ಸುತ್ತಿದ ಚುಟ್ಟಗಳು ಸಡಿಲಾಗಿದ್ದವು. ಬಿಚ್ಚಿ ಮತ್ತೆ ಸುತ್ತಿದಳು. ಅಮ್ಮ ಹ್ಲಾ ಬುವನ್ನು ಸೊಂಟದ ಮೇಲೆ ಹೊತ್ತು ದಿನವೂ ಆ ಕೋರೆಯ ಆನೆಯ ಹತ್ತಿರ ನಿಲ್ಲುತ್ತಿದ್ದಳು. ಅವನ ಪುಟ್ಟ ಕೈಗೆ ಲೋಟ ಹಿಡಿಸಿ ನೀರು ಹಾಕಿಸುತ್ತಿದ್ದಳು. ತೆಪ್ಪ ಹೊರಟ ಬೆಳಗ್ಗೆಯೂ ಅಲ್ಲಿಗೇ ಕರೆದುಕೊಂಡು ಹೋಗಿದ್ದಳು. ಅದೆಲ್ಲ ಇನ್ಯಾರದೋ ಮನೆಯ ಬಾಗಿಲಾಗಿತ್ತು. ಅವನದೇ ಬಾಗಿಲ ಮುಂದೆ ಓನ್ ಶ್ವೇ ನಿತ್ಯ ಕೈಮುಗಿದು, ನಮ್ಮವರು ಯಾರೂ ಇಲ್ಲ ಎಂದು ದಾಟಿ ಹೋಗಿದ್ದಳು. ಒಣಗೋಕೆ ಬಿಡಬೇಡ ಎಂದು ಅಮ್ಮ ಹೇಳಿದ ಮೂಲೆ ಅವನು ಹುಟ್ಟಿದಾಗಿನಿಂದ ಒಣಗಿಯೇ ಇತ್ತು.

ಅವನು ಎಲ್ಲಿ ಬೆಂದಿದ್ದಾನೋ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಇಷ್ಟು ದಿನ ಹಾಗೆ ಅನ್ನಿಸಿರಲಿಲ್ಲ. ಎಲ್ಲಿದ್ದರೂ ತಂಪಾಗಿದ್ದಾನೆ ಎಂಬ ಒಂದು ಭರವಸೆಯಿತ್ತು.

ಬೆಳಗ್ಗೆ ಮೆಟ್ಟಿಲ ಬುಡದಲ್ಲಿ ನ್ವೇ ನ್ವೇ ಅವಳ ಮುಖ ನೋಡಿ ತಮಾಷೆ ಮಾಡಲಿಲ್ಲ. ಒಳ್ಳೆಯ ಹೂವನ್ನೇ ತೆಗೆದುಕೊಟ್ಟಳು. ಏನಾಯಿತೆಂದು ಕೇಳಿ ತಿಳಿದು, "ಎಲ್ಲ ಮೂಲೇಲೂ ಇರೋದು ಒಬ್ಬನೇ ಬುದ್ಧ ಅಲ್ವಾ ದೊಡ್ಡಮ್ಮ. ಅವ್ನಿಗೆ ಗೊತ್ತಿರುತ್ತೆ ಬಿಡಿ," ಅಂದಳು.

"ಬುದ್ಧನಿಗೆ ಗೊತ್ತು. ಹ್ಲಾ ಬುಗೆ ಗೊತ್ತಾಗ್ಬೇಕಲ್ಲ."

ಮೇಲೆ ಹೋಗಿ ಅಕ್ಕನಿಗೆ ನೀರು ಹಾಕಿದಳು. ಬೆಕ್ಕಿನ ವಿಷಯ ಸರಿಮಾಡಿ ಹೇಳಿದಳು. ದಕ್ಷಿಣಕ್ಕೆ ಬಂದಾಗ ಕಾಲು ತಾನಾಗಿಯೇ ನಿಂತಿತು. ಕೋರೆಯ ಆನೆ ಎಂದಿನಂತೆಯೇ ಇತ್ತು. ಅವಳ ಕೈಯ ನೀರು ಬಿದ್ದು ಬಿದ್ದು ಅದರ ಬೆನ್ನು ನುಣುಪಾಗಿತ್ತು. ಗುರುತಿಲ್ಲದವರ ಮನೆಯಲ್ಲಿ ಬಹಳ ದಿನ ಉಂಡು ಕೊನೆಗೆ ಮನೆ ತಪ್ಪಿದ್ದು ತಿಳಿದವರಂತೆ ಅವಳಿಗೆ ನಾಚಿಕೆಯಾಯಿತು. ಆದರೂ ಒಂದು ಲೋಟ ನೀರು ಹಾಕಿ, "ಇಷ್ಟು ದಿನ ಕೇಳಿಸ್ಕೊಂಡಿದ್ದಕ್ಕೆ," ಎಂದು ಹೇಳಿ ಕೈಮುಗಿದಳು. ಅಣ್ಣನಿಗೆ ಹಾಕಿದಳು. ಅಪ್ಪನಿಗೂ ಹಾಕಿದಳು. ಅವನ ತಮಾಷೆಯೇ ಸುಳ್ಳಾಗಿತ್ತು. ಅದನ್ನು ಅವನಿಗೆ ಹೇಳದೆ ಮುಂದೆ ನಡೆದಳು.

ವಾಯವ್ಯದ ಮೂಲೆಯಲ್ಲಿ ನೆರಳಿಲ್ಲ. ಕೋರೆಯಿಲ್ಲದ ಆನೆಯ ಬೆನ್ನಿನ ಮೇಲೆ ಪಾರಿವಾಳದ ಹಿಕ್ಕೆ ಒಣಗಿತ್ತು. ಓನ್ ಶ್ವೇ ಅದನ್ನು ಹೆಗಲ ವಸ್ತ್ರದಿಂದ ಉಜ್ಜಿ ಒರೆಸಿದಳು. ಆಮೇಲೆ ಲೋಟ ಹಿಡಿದುಕೊಂಡು ಅದರ ಮುಂದೆ ಕೂತಳು. ಹೊಸಬರ ಮುಂದೆ ಕೂತಂತಿತ್ತು. ನೀರನ್ನು ಇನ್ನೂ ಹಾಕಿರಲಿಲ್ಲ.

ಅಷ್ಟರಲ್ಲಿ ಸಾನ್ ಯೀ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದಳು. ಹೊರಡುವ ಮುಂಚೆ ಹೇಳಿ ಹೋಗಲು ಮನೆಗೆ ಹೋಗಿದ್ದಳು. ಬೀಗ ನೋಡಿ ಇಲ್ಲಿಗೆ ಬಂದಿದ್ದಳು. ಕೆಳಗೆ ಅಳಿಯ ಹಾರ್ನ್ ಹೊಡೆಯುತ್ತಿದ್ದ.

"ಹೊಡ್ಕೊಳ್ಲಿ. ಅವ್ನಿಗೆ ಬೇರೆ ಕೆಲಸ ಇಲ್ಲ," ಅಂದಳು. ಆಮೇಲೆ ಓನ್ ಶ್ವೇ ಕೂತಿದ್ದ ಜಾಗ ನೋಡಿದಳು, ಕೈಯಲ್ಲಿದ್ದ ತುಂಬಿದ ಲೋಟ ನೋಡಿದಳು. ಪೀಠದ ಕೆಳಗಿನ ಆನೆಯನ್ನು ನೋಡಿದಳು. ಅವಳ ಮುಖದಿಂದ ನಗು ಹೋಯಿತು.

"ಇಷ್ಟು ವರ್ಷ ನೀನು ಆ ಕಡೆ ಹಾಕ್ತಿದ್ಯಾ?"

"ಅಮ್ಮನೂ ಅಲ್ಲೇ ಹಾಕ್ತಿದ್ದಿದ್ದು."

ಸಾನ್ ಯೀ ಪಕ್ಕದಲ್ಲಿ ಕೂರಲು ಹೋಗಿ, ಮಂಡಿ ಬಗ್ಗದೆ ನಿಂತೇ ಉಳಿದಳು. "ನಾನು ನಗೋಕೆ ಅಂತ ಹೇಳ್ದೆ ಓನೂ. ಗೊತ್ತಿದ್ರೆ ಬಾಯಿ ಬಿಡ್ತಿರ್ಲಿಲ್ಲ."

"ಹೇಳಿದ್ದು ಒಳ್ಳೇದಾಯ್ತು ಬಿಡು. ನೀನು ಬರ್ದಿದ್ರೆ ನಾನು ಹಂಗೇ ಹೋಗ್ಬಿಡ್ತಿದ್ದೆ."

ಮತ್ತೆ ಹಾರ್ನ್ ಕೇಳಿತು. ಬಿಸಿಲು ಏರುತ್ತಿತ್ತು, ಕಲ್ಲುಹಾಸು ಆಗಲೇ ಕಾಯಲು ಶುರುವಾಗಿತ್ತು.

"ನೋಡು," ಅಂದಳು ಸಾನ್ ಯೀ, "ಹೊತ್ತು ತಪ್ಪಿಸಿದ್ದು ನಮ್ಮಪ್ಪ. ಇದು ನಾನು ಹಾಕ್ಬೇಕಾದ ನೀರು. ಲೋಟ ಕೊಡು ಇಲ್ಲಿ. ಹುಟ್ಟಿದಾಗಿಂದ ಬಾಕಿ ಇರೋದನ್ನೆಲ್ಲ ಸೇರಿಸಿ ನಾನೇ ಹಾಕಿ ಮುಗಿಸ್ತೀನಿ. ನೀನು ಹೋಗಿ ಆ ಮರದ ನೆರಳಲ್ಲಿ ಕೂತ್ಕೋ. ಆಮೇಲೆ ಕಾರಲ್ಲಿ ಮನೆ ಬಾಗಿಲಿಗೆ ಬಿಟ್ಟು ಹೋಗ್ತೀವಿ. ಈ ಮಂಡಿ ಇಟ್ಕೊಂಡು ಈ ಬಿಸಿಲಲ್ಲಿ ಯಾಕೆ?"

ಓನ್ ಶ್ವೇ ಲೋಟವನ್ನು ಮಡಿಲಿನ ಕಡೆಗೆ ಎಳೆದುಕೊಂಡಳು.

"ಬೇಡ ಸಾನಕ್ಕ. ಇಲ್ಲಿ ನಾನು ಅವ್ನಿಗೆ ಇನ್ನೂ ಒಂದೂ ಹೇಳಿಲ್ಲ. ಎಲ್ಲ ಮೊದಲಿಂದ ಹೇಳ್ಬೇಕು, ಹೊತ್ತಾಗುತ್ತೆ. ನೀನು ಹೊರಡು."